ಹಲಸಿನ ಹಣ್ಣು ನಿರಪರಾಧಿ

ಹಲಸಿನ ಹಣ್ಣು ಇಟ್ಟುಕೊಂಡು ಬಸ್ಸಿನಲ್ಲಿ ಗುಟ್ಟಾಗಿ ಹೋಗುವುದು ಸಾಧ್ಯವೇ? ಕಳೆದ ವಾರ ನಾನು ಪ್ರಯತ್ನಿಸಿದೆ. ನಾಲ್ಕೇ ತೊಳೆ. ಬಾಳೆಲೆಯಲ್ಲಿ ಸುತ್ತಿ, ಮೇಲೊಂದು ಟವೆಲ್ ಸುತ್ತಿ ಶಿಕಾರಿಪುರದಲ್ಲಿ ಬಸ್ಸು ಹತ್ತಿದೆ. ಊರು ದಾಟುವುದರೊಳಗೆ ಇಡೀ ಬಸ್ಸು ನನ್ನ ಕಡೆ ತಿರುಗಿತ್ತು. ಕಂಡಕ್ಟರ್ ಬಾಯಿಬಿಟ್ಟೇ ಒಂದು ತೊಳೆ ಕೇಳಿದ. ಇದು ತಿನ್ನುವುದಕ್ಕಲ್ಲ, ಡಾಕ್ಟರಿಗೆ ಎಂದೆ. ಆತ ನನ್ನನ್ನು ಒಂದು ಥರ ನೋಡಿ ಮುಂದೆ ಹೋದ.

ಮೈಯೆಲ್ಲ ದದ್ದೆದ್ದು ಕಡಿಯುವ ನನ್ನ ಪಿತ್ತಗಂಧೆಯ ವಿಷಯ ನಿಮಗೆ ಹೊಸದಲ್ಲ. (ಈ ಅಂಕಣದಲ್ಲೇ ಎಷ್ಟು ಸಲ ಕೆರೆದುಕೊಂಡಿಲ್ಲ?) ಹೊಸ ರಾಜ್ಯ ಬಂತು, ನಯಾಪೈಸೆ ಬಂತು, ಗಂಧೆ ಮಾತ್ರ ಹೋಗಲಿಲ್ಲ. ಕಂಬಳಿಯಲ್ಲಿ ತಿಕ್ಕಿದ್ದಾಯಿತು, ಮುರುಗಲ ಹುಳಿ ಹಚ್ಚಿದ್ದಾಯಿತು. ಮನೆಗೆ ಬಂದ ನೆಂಟರೆಲ್ಲ ಒಂದೊಂದು ಪದಾರ್ಥ ಬಿಡಿಸಿ ಹೋದರು. ಬದನೆಕಾಯಿ ಹೋಯಿತು, ಶೇಂಗಾ ಹೋಯಿತು, ಕೊನೆಗೆ ಹಲಸೂ ಹೋಯಿತು.

ಉಳಿದವು ಹೋದರೆ ಹೋಗಲಿ, ಹಲಸನ್ನು ಬಿಟ್ಟದ್ದು ಮಾತ್ರ ಸಹಿಸಲಾಗಲಿಲ್ಲ. ಕುಪ್ಪಗಡ್ಡೆಯ ಅಕ್ಕನ ಮನೆ ಜಗಲಿ, ಕೈಗೆ ಎಣ್ಣೆ ಸವರಿಕೊಂಡು ಕೂತ ಅಕ್ಕ, ಅವಳು ಬಿಡಿಸಿದಂತೆಲ್ಲ ತಿನ್ನುತ್ತಾ ನಾವಿಬ್ಬರೂ ಆಡುತ್ತಿದ್ದ ಮಾತು. ಎರಡು ಬೇಸಗೆಯಿಂದ ಅದಿಲ್ಲ.

ಶಿವಮೊಗ್ಗದ ಡಾಕ್ಟರು ಅನುಮಾನವಿದ್ದದ್ದನ್ನೆಲ್ಲ ಟೆಸ್ಟಿಗೆ ತರಲು ಹೇಳಿದ್ದರು. ಸೂಜಿಯನ್ನು ಹಣ್ಣಿಗೆ ಚುಚ್ಚಿ, ಅದರಿಂದಲೇ ನನ್ನ ಮುಂಗೈ ಗೀರಿದರು. ಜೊತೆಗೆ ಒಯ್ದಿದ್ದ ಬದನೆಗೊಂದು, ಶೇಂಗಾಕ್ಕೊಂದು ಗೀರು. ಮೈಯೊಳಗೆ ಕಾವಲುಗಾರರು ಇರುತ್ತಾರಂತೆ. ಶತ್ರುವೆನಿಸಿದ್ದು ಒಳಗೆ ಬಂದರೆ ಆ ಜಾಗ ಉಬ್ಬುತ್ತದಂತೆ. ಕಾದೆವು. ಒಂದೂ ಉಬ್ಬಲಿಲ್ಲ.

ಇವು ಯಾವುವೂ ಕಾರಣವಲ್ಲ, ಧಾರಾಳವಾಗಿ ತಿನ್ನಿ ಎಂದರು. ಹಾಗಾದರೆ ಗಂಧೆ? ಕಾವಲುಗಾರರು ಸುಮ್ಮನೆ ಯಾಕೆ ರೇಗುತ್ತಾರೋ ತಮಗೂ ತಿಳಿಯದು ಎಂದು ಒಪ್ಪಿಕೊಂಡರು. ಯಾರಿಗೆ ಬೇಕು ಸ್ವಾಮಿ ಕಾರಣ? ಮರುದಿನವೇ ಕುಪ್ಪಗಡ್ಡೆಗೆ ಹೊರಟೆ.

ಅಕ್ಕ ಹಣ್ಣು ಕೊಯ್ದಳು. ತಟ್ಟೆ ತುಂಬ ತೊಳೆ ನನ್ನ ಮುಂದಿಟ್ಟಳು. ತಾನು ಒಂದನ್ನೂ ಮುಟ್ಟಲಿಲ್ಲ. ಯಾಕೆಂದು ಕೇಳಿದರೆ ಹೇಳಲೊಲ್ಲಳು. ಕೊನೆಗೆ ಭಾವನೇ ಹೇಳಿದರು: ತಮ್ಮನ ಗಂಧೆ ವಾಸಿಯಾಗುವವರೆಗೆ ಹಲಸು ತಿನ್ನುವುದಿಲ್ಲ ಎಂದು ಈಶ್ವರನ ಗುಡಿಯಲ್ಲಿ ಹರಕೆ ಹೊತ್ತಿದ್ದಾಳಂತೆ. ಎರಡು ವರ್ಷದಿಂದ ಅವಳೂ ಬಿಟ್ಟಿದ್ದಾಳೆ.

ಹಲಸಿನ ತಪ್ಪಿಲ್ಲವೆಂದು ಟೆಸ್ಟೇ ಹೇಳಿದೆ, ಇನ್ನೆಂಥ ಹರಕೆ ಎಂದು ವಾದಿಸಿದೆ.

"ತಪ್ಪಿಲ್ಲ ಅಂತಾದ್ರೆ ನೀ ತಿನ್ನು ಮಾರಾಯ. ನಾ ಹೇಳ್ಕಂಡಿದ್ದು ನಿನ್ ಗಂಧೆ ಹೋಗ್ಲಿ ಅಂತ. ಹೋಯ್ತನಾ?" ಎಂದಳು ಅಕ್ಕ.

ತೊಳೆ ಬಾಯಿಗಿಡುವ ಮೊದಲೇ ಅಂಗಿಯೊಳಗೆ ಬೆನ್ನು ಕಡಿಯತೊಡಗಿತ್ತು. ಅಕ್ಕ ಎದುರಿಗೇ ಕೂತು ನನ್ನ ಬಾಯಿ ನೋಡುತ್ತಿದ್ದಳು.

ಹೇಳಿ, ಯಾವ ಗಂಟಲಲ್ಲಿ ನುಂಗಲಿ?