ಗೋಡೆಯನ್ನೂ ನಂಬದ ವೈಫೈ ಅಕ್ಕ

ಸೂರ್ಯ ಇನ್ನೂ ಆಕಳಿಸುತ್ತಿದ್ದಾನೆ. ಹಾಲಿನವನ ಸುಳಿವಿಲ್ಲ. ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿರುವ ಉದ್ದನೆಯ ಮನೆಯೊಂದರಲ್ಲಿ ಹೆಂಗಸೊಬ್ಬರು ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ನಿಂತಿದ್ದಾರೆ. ಗೋಡೆ ಏನೋ ಹೇಳುತ್ತದೆ. ಅವರು ನಂಬುವುದಿಲ್ಲ. ಇನ್ನೊಮ್ಮೆ ಕುಟ್ಟುತ್ತಾರೆ.

ಬೀದಿಗೆಲ್ಲ ಇವರು ಅನುಮಾನದಕ್ಕ. ಕಡಿಮೆ ದುಡ್ಡಿನಲ್ಲಿ ಮನೆಯ ಮೂಲೆಮೂಲೆಗೂ ವೈಫೈ ಮುಟ್ಟಬೇಕಾದರೆ ಯಾವ ಮೆಶ್ ಪೆಟ್ಟಿಗೆ ಕೊಳ್ಳಬೇಕು ಎಂದು ಆರಿಸಿಕೊಡುವುದು ಇವರ ಕಸುಬು. ಒಮ್ಮೆ ತಮ್ಮ ನೆರಳನ್ನೇ ತಿರುಗಿ ನೋಡಿ, “ಯಾವ ಕಂಪನಿ ಕಡೆಯೋನಪ್ಪ ನೀನು?” ಎಂದು ಕೇಳಿದ್ದರಂತೆ. ನೆರಳು ಬಾಯಿ ಬಿಡಲಿಲ್ಲ. ಅನುಮಾನ ಬಲವಾಯಿತು.

“ಬಾಗಿಲೆಲ್ಲ ಮುಚ್ಚಿರೋ ಹೊತ್ತಿಗೇ ಬರ್ಬೇಕು,” ಎನ್ನುತ್ತಾರೆ ಅಕ್ಕ. “ಹಗಲು ಬಂದ್ರೆ ಮನೆಯೋರು ಎಲ್ಲಾ ಬಾಗಿಲು ತೆಗೆದು ಮರ್ಯಾದೆ ಮಾಡ್ತಾರೆ. ಸಿಗ್ನಲ್ಲೂ ನೆಂಟರ ಥರ ಎಲ್ಲಾ ಕಡೆ ಓಡಾಡುತ್ತೆ. ನಾನು ಆ ಕಡೆ ಹೋದ್ಮೇಲೆ ತಾನೆ ನಿಜ ಗೊತ್ತಾಗೋದು?”

ಮೊದಲು ಇವರು ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ, ಜನ ಸಿಟ್ಟಿನಿಂದ ವಾಪಸ್ ತರುವ ಸಾಮಾನು ತೆಗೆದುಕೊಳ್ಳುವ ಕೌಂಟರಿನಲ್ಲಿದ್ದರು. ಬೈಸಿಕೊಳ್ಳುವುದೇ ಹುದ್ದೆ. “ವಾಪಸ್ ಬಂದ ಒಂದೊಂದು ಡಬ್ಬದ ಮೇಲೂ ‘ಇಡೀ ಮನೆಗೆ ಸಾಕು’ ಅಂತ ಬರೆದಿರೋದು. ಯಾರ ಮನೆಗೆ? ಅದನ್ನ ಬರೆದೋನ ಮನೇಲಿ ಗೋಡೆನೇ ಇರ್ಲಿಲ್ಲ ಅನ್ಸುತ್ತೆ.” ಅಂಗಡಿ ಮುಚ್ಚಿತು. ಅನುಮಾನ ಮಾತ್ರ ಉಳಿಯಿತು. ಅದನ್ನೇ ಬಂಡವಾಳ ಮಾಡಿಕೊಂಡರು. ದಿನಕ್ಕೆ ಒಂದು ಮನೆ, ಕಾಲು ಗಟ್ಟಿಯಿದ್ದರೆ ಎರಡು.

ಮೆಶ್ ಎಂದರೇನು ಎಂದು ಕೇಳಿದವರಿಗೆ ಅಕ್ಕ ಹೇಳುವುದಿಷ್ಟೇ: “ಒಬ್ಬನೇ ಬಾಗಿಲಲ್ಲಿ ನಿಂತು ಗಂಟಲು ಹರ್ಕೊಳ್ಳೋ ಬದಲು, ಮೂರು ಜನ ಸಾಲಾಗಿ ನಿಂತು ಬಿಂದಿಗೆ ದಾಟಿಸ್ದಂಗೆ.” ದೊಡ್ಡ ಪೆಟ್ಟಿಗೆಯ ಆಸೆಪಟ್ಟವರಿಗೆ ಇನ್ನೊಂದು ಮಾತು: “ನಿಮ್ಮನೆಗೆ ಬರೋದೇ ಸಣ್ಣ ಪೈಪಲ್ಲಿ ನೀರು. ಕೆಳಗೆ ಆನೆ ಗಾತ್ರದ ಡ್ರಮ್ ಇಟ್ರೆ ಏನ್ ಬಂತು?”

ಇವರು ಆರಿಸುವ ರೀತಿಯೇ ಬೇರೆ. ಮೂರು ಮೂರು ಪೆಟ್ಟಿಗೆಗಳ ಎರಡು ಜೊತೆ ತರುತ್ತಾರೆ, ಒಂದು ಅಗ್ಗದ್ದು, ಒಂದು ದುಬಾರಿ. ಎರಡಕ್ಕೂ ತೆಳು ದಿಂಬಿನ ಕವರ್ ತೊಡಿಸುತ್ತಾರೆ. ಯಾವುದು ಯಾವುದೆಂದು ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕೆಲವು ದಿನ ಅದನ್ನು, ಕೆಲವು ದಿನ ಇದನ್ನು ಓಡಿಸಿ ನೋಡುತ್ತಾರೆ. “ಬೆಲೆ ಗೊತ್ತಾದ್ರೆ ಜನರ ಕಣ್ಣು ಕೆಡುತ್ತೆ. ದುಬಾರಿದು ಅಂದ್ಬಿಟ್ರೆ ವಿಡಿಯೋ ನಿಂತೋದ್ರೂ ‘ಆಹಾ, ಎಷ್ಟು ಸ್ಥಿರವಾಗಿದೆ’ ಅಂತಾರೆ.”

ಈ ಉದ್ದನೆಯ ಮನೆಯ ಕೊನೆಯ ಕೋಣೆಯಲ್ಲಿ ಸೊಸೆ ಕೆಲಸ ಮಾಡುತ್ತಾಳೆ. ಯಾವುದೋ ಕಂಪನಿಯ ಗ್ರಾಹಕರ ದೂರು ಕೇಳುವುದು, ಕಂಪ್ಯೂಟರಿನಲ್ಲೇ ಕರೆ. ಪಕ್ಕದಲ್ಲಿ ತೊಟ್ಟಿಲು, ಅದರಲ್ಲಿ ಹಾಲು ಕುಡಿಯುವ ಕೂಸು. ನಿನ್ನೆಯಿಡೀ ಕರೆಗಳು ತುಂಡಾಗಿವೆ. ಇವತ್ತು ಬೆಳಿಗ್ಗೆ ಮೇಲಧಿಕಾರಿ ತಾವೇ ಕರೆ ಮಾಡಿ ಪರೀಕ್ಷಿಸುತ್ತಾರೆ. ಇದೂ ತುಂಡಾದರೆ ನಾಳೆಯಿಂದ ಸೊಸೆ ಆಫೀಸಿಗೆ ಹೋಗಬೇಕು, ಕೂಸನ್ನು ಬಿಟ್ಟು. ದುಬಾರಿ ಜೊತೆ ಕೊಳ್ಳುವ ಶಕ್ತಿ ಮನೆಗಿಲ್ಲ.

ಪಟ್ಟೆ ಪಟ್ಟೆಯ ಹಳೇ ಕವರಿನ ಜೊತೆ ಹೋದ ವಾರ ಚೆನ್ನಾಗಿಯೇ ಓಡಿತ್ತು. ಅದು ದುಬಾರಿಯದು. ಮೊನ್ನೆ ಸಂಜೆ ಹಾಕಿದ, ಇಸ್ತ್ರಿ ಮಾಡಿದ ಹೂವಿನ ಕವರಿನದು ಅಗ್ಗದ್ದು. ಅದೇ ಈಗ ಕೈಕೊಟ್ಟಿದೆ.

ಸಿಗ್ನಲ್ಲಿಗೆ ನೀರೂ ಅಡ್ಡ, ಕನ್ನಡಿಯೂ ಅಡ್ಡ, ನೆರೆಮನೆಯ ವೈಫೈಯೂ ಅಡ್ಡ. ಅಕ್ಕ ಮೊದಲು ಮೀನಿನ ತೊಟ್ಟಿಯನ್ನು ವಿಚಾರಿಸಿಕೊಳ್ಳುತ್ತಾರೆ. ಮೀನುಗಳು ಬಾಯಿ ತೆರೆದು ಮುಚ್ಚುತ್ತವೆ, ತಪ್ಪೊಪ್ಪಿಕೊಳ್ಳುವುದಿಲ್ಲ. ಆಮೇಲೆ ನಿಲುವುಗನ್ನಡಿ. ಆಮೇಲೆ ಪಕ್ಕದ ಮನೆಯವರು. ಅತ್ತೆ ಹಿಂದಿಂದೆಯೇ ಬರುತ್ತಿದ್ದಾರೆ, ಕಣ್ಣು ಅಕ್ಕನ ಚೀಲದ ಮೇಲೆ.

“ಎಲ್ಲಾ ಮನೇಲೂ ಹಿಂಗೇ ಗೋಡೆ ತಟ್ಕೊಂಡು ಓಡಾಡ್ತೀಯೇನಮ್ಮ?”

“ಹೂಂ ಅಮ್ಮ. ಎಲ್ಲಾ ಮನೇಲೂ ಹಿಂಗೇ ಯಾರಾದ್ರೂ ನನ್ನ ಹಿಂದೆ ಓಡಾಡ್ತಾರೆ.”

ಕೊನೆಗೆ ಅಕ್ಕ ಸೋಲೊಪ್ಪುತ್ತಾರೆ. “ಅಗ್ಗದ್ದು ತನ್ನ ಬುದ್ಧಿ ತೋರಿಸ್ತಮ್ಮ. ಇದು ನಿಮ್ಮನೆಗೆ ಆಗಲ್ಲ.” ಸೊಸೆಯ ಮುಖ ಸಣ್ಣದಾಗುತ್ತದೆ. ಅತ್ತೆಯ ಕಣ್ಣು ಮಾತ್ರ ದೊಡ್ಡದಾಗುತ್ತದೆ.

“ಅಗ್ಗದ್ದಾ? ಹೂವಿನ ಕವರಿನದು ಅಗ್ಗದ್ದಾ?”

ಆ ದನಿಯಲ್ಲೇನೋ ಇದೆ. ಅಕ್ಕ ನಡುಕೋಣೆಗೆ ನಡೆಯುತ್ತಾರೆ. ನಡುವಿನ ಪೆಟ್ಟಿಗೆಯನ್ನು ಅತ್ತೆಯ ಕಬ್ಬಿಣದ ಬೀರುವಿನ ಮೇಲೆ ಇಟ್ಟಿದ್ದರು. ಮೇಲೇನೂ ಇಲ್ಲ. ಪ್ಲಗ್ಗಿನಿಂದ ಹೊರಟ ತಂತಿ ಮಾತ್ರ ಬೀರುವಿನ ಬಾಗಿಲ ಸಂದಿಯಲ್ಲಿ ನುಗ್ಗಿ ಮಾಯವಾಗಿದೆ. ಬಾಗಿಲಿಗೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಬಾಗಿಲು ತೆರೆದರೆ ಒಳಗೆ, ರೇಷ್ಮೆ ಸೀರೆಗಳ ನಡುವೆ, ಹೂವಿನ ಕವರಿನಲ್ಲಿ ಪೆಟ್ಟಿಗೆ ತಣ್ಣಗೆ ದೀಪ ಮಿನುಗಿಸುತ್ತಾ ಕೂತಿದೆ.

“ಅತ್ತೆ!” ಹಿಂದೆಯೇ ಬಂದ ಸೊಸೆ ಕೂಗುತ್ತಾಳೆ.

“ಇಸ್ತ್ರಿ ಬಟ್ಟೆ ಹೊದಿಸಿದಾಳೆ ಅಂದ್ರೆ ಇದೇ ದುಬಾರಿದು ಅಂತ ನಂಗೆ ಗೊತ್ತಾಯ್ತು. ಬೆಲೆಬಾಳೋದನ್ನ ಬಯಲಲ್ಲಿ ಇಡಕ್ಕಾಗುತ್ತಾ? ಅದೂ ಅಲ್ದೆ, ತಂತಿ ಇಲ್ದೇನೇ ಬರುತ್ತೆ ಅಂದ್ರಿ. ತಂತಿನೇ ಬೇಡದ್ದಕ್ಕೆ ಬಾಗಿಲು ಏನ್ಮಾಡುತ್ತೆ?”

ಅಕ್ಕ ಪೆಟ್ಟಿಗೆಯನ್ನು ಸೀರೆಗಳ ನಡುವಿನಿಂದ ಎತ್ತಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ: “ಕಬ್ಬಿಣ ದಾಟಿ ಸಿಗ್ನಲ್ ಬರಲ್ಲಮ್ಮ. ಆದ್ರೂ ನಿಮ್ದು ತಪ್ಪಿಲ್ಲ. ಬೇರೆಯೋರಿಗೆ ಬೆಲೆ ಕಾಣಬಾರ್ದು ಅಂತ ಮುಸುಕು ಹಾಕ್ದೆ. ನನ್ನ ಕಣ್ಣಿಗೆ ಹಾಕ್ಕೊಳ್ಳೋದು ಮರೆತೆ. ಮೀನನ್ನ ಅನುಮಾನಿಸಿದೆ, ಕನ್ನಡಿನ ಅನುಮಾನಿಸಿದೆ, ಅಗ್ಗದ್ದು ಅಂದ ತಕ್ಷಣ ಮಾತ್ರ ಕೆಟ್ಟಿರುತ್ತೆ ಅಂತ ನಂಬ್ಬಿಟ್ಟೆ.”

ಪೆಟ್ಟಿಗೆ ಬೀರುವಿನ ಮೇಲೇರುವಷ್ಟರಲ್ಲಿ ಕರೆ ಬಂದೇಬಿಡುತ್ತದೆ. ಸೊಸೆ ನಮಸ್ಕಾರ ಹೇಳುತ್ತಾಳೆ. ಕೂಸು ಇದೇ ಗಳಿಗೆಗೆ ಕಾಯುತ್ತಿದ್ದಂತೆ ಕಿರುಚುತ್ತದೆ. ಆ ಕಡೆಯಿಂದ ಮೇಲಧಿಕಾರಿಯ ದನಿ, ಒಂದಕ್ಷರವೂ ತುಂಡಾಗದೆ: “ಮೊದಲು ಮಗೂನ ಎತ್ಕೊಳಮ್ಮ. ಅದು ಅಳೋದು ನನ್ನ ಕಿವಿಯೊಳಗೇ ಅತ್ತಂಗಿದೆ. ಲೈನ್ ಚೆನ್ನಾಗಿದೆ, ಮನೆಯಿಂದ್ಲೇ ಮಾಡು.”

ಅಗ್ಗದ್ದೇ ಸಾಕೆಂದು ತೀರ್ಮಾನವಾಯಿತು. ಅಕ್ಕ ಚೀಲ ಕಟ್ಟುತ್ತಾರೆ. ಬದುಕಿನಲ್ಲಿ ಏನಾದರೂ ಆಸೆ ಉಂಟೇ ಎಂದರೆ ಸ್ವಲ್ಪ ಯೋಚಿಸುತ್ತಾರೆ. “ದೊಡ್ಡದೇನಿಲ್ಲ. ಒಂದು ಮನೇಲಾದ್ರೂ, ನಾನು ಹೊರಟ ಮೇಲೆ ಚಮಚ ಎಣಿಸಬಾರ್ದು.”

ಅವರು ಗೇಟು ದಾಟುವ ಮೊದಲೇ ಅಡುಗೆಮನೆಯಿಂದ ಟಿಣ್, ಟಿಣ್ ಎಂದು ಕೇಳಿಸುತ್ತದೆ. ಅಕ್ಕ ನಿಲ್ಲುತ್ತಾರೆ. ಸದ್ದೂ ನಡುವೆಯೇ ನಿಲ್ಲುತ್ತದೆ. ಅತ್ತೆ ಓಡಿ ಬರುತ್ತಾರೆ, ಕೈಯಲ್ಲಿ ಮಡಿಸಿದ ಹೂವಿನ ಕವರ್. “ಇದನ್ನ ಬಿಟ್ಟು ಹೋಗ್ತಿದ್ದೀಯಲ್ಲೇ, ತಗೋ. ಇನ್ಮೇಲೆ ಬಂದಾಗ ಬಾಗಿಲು ತಟ್ಟು, ಗೋಡೆ ತಟ್ಬೇಡ.”

ಅಕ್ಕ ಕವರನ್ನು ತೆಗೆದುಕೊಂಡು, ಬಿಡಿಸಿ, ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸುತ್ತಾರೆ.

“ನಂದೇ,” ಎನ್ನುತ್ತಾರೆ. “ಆದ್ರೂ ನೋಡ್ಬೇಕಲ್ಲ.”