ಕಿವಿಯಲ್ಲಿ ಹೇಳಿದ ಮಾತು

ಊರಿನವರು ಅವನನ್ನು ಎಡಗೈ ಎಂದೇ ಕರೆಯುತ್ತಿದ್ದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ಕರೆಯುವವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಕುಂಟನನ್ನು ಕುಂಟ, ಕುಳ್ಳನನ್ನು ಕುಳ್ಳ ಎಂದು ಬಾಯ್ತುಂಬ ಕೂಗುವ ಊರು ಅದು. ಅವನೂ ಓಗೊಡುತ್ತಿದ್ದ. ಅವನ ಹೆಂಡತಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು.

ಮೊದಲು ಅವನು ಮರದ ಮಿಲ್ಲಿನಲ್ಲಿ ಗರಗಸದ ಮಷಿನ್ ನಡೆಸುತ್ತಿದ್ದ. ಜೊತೆಗಿದ್ದವನು ಅದೇ ಬೀದಿಯಲ್ಲಿ ಬೆಳೆದ ಗೆಳೆಯ, ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವನು. ಒಂದು ದಿನ ಬೆಲ್ಟಿನಲ್ಲಿ ಮರದ ಚೂರು ಸಿಕ್ಕಿಕೊಂಡಿತು. ಇವನು ಮಷಿನ್ ನಿಲ್ಲಿಸಿ, "ಕೈ ಹಾಕ್ತಾ ಇದೀನಿ, ನೋಡ್ಕೋ" ಎಂದು ಕೂಗಿ ಹೇಳಿಯೇ ಬಗ್ಗಿದ. ಗೆಳೆಯ ಯಾರೊಂದಿಗೋ ಹರಟುತ್ತ ಸ್ವಿಚ್ ಒತ್ತಿಬಿಟ್ಟ.

ಮಾಲೀಕರು ವಿಚಾರಿಸಿದಾಗ ಗೆಳೆಯ, "ಮಷಿನ್ ಓಡ್ತಿರುವಾಗಲೇ ಕೈ ಹಾಕಿದ ಸಾರ್, ನಾನೇನು ಮಾಡ್ಲಿ?" ಎಂದ. ದಿಮ್ಮಿ ಹೊರುತ್ತಿದ್ದವರೆಲ್ಲ ತಾವು ನೋಡಲಿಲ್ಲ ಎಂದರು. ಅವರಲ್ಲಿ ಇವನ ದೊಡ್ಡಪ್ಪನ ಮಗನೂ ಇದ್ದ. ಕೈ ಹೋದದ್ದರ ಜೊತೆಗೆ ತಪ್ಪೂ ಇವನ ತಲೆಗೇ ಬಂತು, ಕೆಲಸವೂ ಹೋಯಿತು. ಗೆಳೆಯ ಅದೇ ಮಿಲ್ಲಿಗೆ ಮೇಸ್ತ್ರಿಯಾದ. ಊರಿನ ಯಾವ ಹುಡುಗನಿಗೆ ಅಲ್ಲಿ ಕೆಲಸ ಸಿಗಬೇಕಾದರೂ ಮೇಸ್ತ್ರಿ ಹೂಂ ಅನ್ನಬೇಕಿತ್ತು.

ಗಂಡ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಹಾಕಿಕೊಂಡರು. ಮೋಟುಗೈಯಲ್ಲಿ ಬಟ್ಟೆ ಒತ್ತಿ ಹಿಡಿದು ಎಡಗೈಯಲ್ಲಿ ಪೆಟ್ಟಿಗೆ ಎಳೆಯುವುದನ್ನು ಅವನು ರೂಢಿ ಮಾಡಿಕೊಂಡ. ಅವಳು ಮಡಿಸುತ್ತಿದ್ದಳು. ಅಂದಿನಿಂದ ಮೇಸ್ತ್ರಿಯೊಂದಿಗೆ ಮಾತಿಲ್ಲ, ಕತೆಯಿಲ್ಲ. ಎದುರಾದರೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಈದ್ ದಿನ ನಮಾಜು ಮುಗಿದು, ಬಯಲಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ಚಪ್ಪಲಿ ಹುಡುಕುತ್ತಿದ್ದ ಇವನ ತೋಳನ್ನು ದೊಡ್ಡಪ್ಪ ಹಿಡಿದರು. ಇನ್ನೊಂದು ಕೈಯಲ್ಲಿ ಮೇಸ್ತ್ರಿಯ ತೋಳಿತ್ತು.

"ನಾನು ಮುದುಕ. ಮುಂದಿನ ಹಬ್ಬಕ್ಕೆ ಇರ್ತೀನೋ ಇಲ್ವೋ. ಇವತ್ತು ನೀವಿಬ್ರೂ ಒಂದಾಗ್ಬೇಕು."

"ಬೇಡ ದೊಡ್ಡಪ್ಪ, ಬಿಡಿ."

"ಹಬ್ಬದ ದಿನ ದೊಡ್ಡವರ ಮಾತು ತೆಗೆದುಹಾಕ್ತೀಯಾ?"

ಸುತ್ತ ಜನ ಸೇರಿದರು. ಮೇಸ್ತ್ರಿಯ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಇವನ ಮನಸ್ಸು ಒಂದು ಗಳಿಗೆ ಕರಗಿತು. ಇವತ್ತಾದರೂ ಹೇಳುತ್ತಾನೇನೋ ಎನಿಸಿತು. ಇವನಿಗೆ ಬೇಕಿದ್ದದ್ದು ಅದೊಂದೇ: ಸ್ವಿಚ್ ಒತ್ತಿದ್ದು ನಾನು ಎಂದು ಅವನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು. ಇವನು ಮುಂದೆ ಬಂದ. ಮೇಸ್ತ್ರಿ ಬಿಗಿದಪ್ಪಿಕೊಂಡ. ಕಿವಿಯ ಹತ್ತಿರ ಬಾಯಿ ತಂದು, "ನಾನೇ ಒತ್ತಿದ್ದು ಕಣೋ, ಕ್ಷಮಿಸಿಬಿಡು" ಎಂದ.

ಇವನು ಅವನ ಭುಜ ಹಿಡಿದು ಹಿಂದಕ್ಕೆ ಸರಿಸಿದ. "ಗಟ್ಟಿಯಾಗಿ ಹೇಳು."

ಮೇಸ್ತ್ರಿ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿ, "ಈದ್ ಮುಬಾರಕ್ ಅಂದೆ, ಕೇಳಿಸಲಿಲ್ವಂತೆ!" ಎಂದು ನಕ್ಕ. ಎಲ್ಲರೂ ನಕ್ಕರು. ಯಾರೋ ಇವನ ಬೆನ್ನು ತಟ್ಟಿ, "ದೊಡ್ಡ ಮನಸ್ಸು ಮಾರಾಯ ನಿಂದು" ಎಂದರು.

ದಾರಿಯುದ್ದಕ್ಕೂ ಅದೇ ಮಾತು. ಕ್ಷೌರದ ಅಂಗಡಿಯವನು ಕಟ್ಟೆಯಿಂದ ಇಳಿದು ಬಂದು ಕೈ ಕುಲುಕಿದ. ಮನೆಮನೆಗೂ ಕರೆದು ಸಿಹಿ ಕೊಟ್ಟರು. ಇವನು ನುಂಗಿದ್ದು ಸಿಹಿಯೋ ಮಣ್ಣೋ ಇವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ ದೊಡ್ಡಪ್ಪನ ಮನೆಯಲ್ಲಿ ಊಟ. ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಗಂಡಸರು ನಡುಮನೆಯ ಚಾಪೆಯ ಮೇಲೆ. ಮೇಸ್ತ್ರಿಯನ್ನು ಇವನ ಪಕ್ಕದಲ್ಲೇ ಕೂರಿಸಿದ್ದರು. ಅವನು ತನ್ನ ತಟ್ಟೆಯಿಂದ ಒಳ್ಳೆಯ ತುಂಡೊಂದನ್ನು ಎತ್ತಿ ಇವನ ತಟ್ಟೆಗೆ ಹಾಕಿದ. ಆಗ ಇವನ ತಾಳ್ಮೆಯ ಕಟ್ಟೆ ಒಡೆಯಿತು.

"ಸ್ವಿಚ್ ಒತ್ತಿದ್ದು ತಾನೇ ಅಂತ ಬೆಳಿಗ್ಗೆ ನನ್ನ ಕಿವೀಲಿ ಹೇಳ್ದ. ಈಗ ನಿಮ್ಮೆಲ್ಲರ ಮುಂದೆ ಹೇಳ್ಲಿ."

ಮೇಸ್ತ್ರಿ ನೀರಿನ ಲೋಟಕ್ಕೆ ಕೈ ಚಾಚಿದ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅದನ್ನು ಇವನು ಗಮನಿಸುವಷ್ಟರಲ್ಲಿ ದೊಡ್ಡಪ್ಪನೇ ಮಾತಾಡಿದರು.

"ಅದೇನು ನಮಗೆ ಗೊತ್ತಿಲ್ದೆ ಇರೋ ವಿಷಯಾನಾ? ಈಗ ಕೆದಕಿ ಏನಾಗ್ಬೇಕು? ಹೋದ ಕೈ ಬರುತ್ತಾ?"

ಇವನು ದೊಡ್ಡಪ್ಪನ ಮಗನನ್ನು ನೋಡಿದ. "ನೀನು ನೋಡಿದ್ಯಾ?"

ಅವನು ಅನ್ನ ಕಲೆಸುತ್ತಲೇ, "ಅಲ್ಲೇ ಇದ್ನಲ್ಲಣ್ಣ. ಆಗ ಬಾಯಿಬಿಟ್ಟಿದ್ರೆ ನನ್ನ ಕೆಲಸಾನೂ ಹೋಗ್ತಿತ್ತು. ನಿನಗೆ ಅದರಿಂದ ಏನು ಬರ್ತಿತ್ತು?" ಎಂದ.

ಅಡುಗೆಮನೆಯ ಬಾಗಿಲಲ್ಲಿ ಇವನ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

"ಎಲ್ಲರಿಗೂ ಗೊತ್ತಿತ್ತು ಹಾಗಾದ್ರೆ. ಆಸ್ಪತ್ರೆಗೆ ಬಂದು ನನ್ನ ಪಕ್ಕ ಕೂತು ಅತ್ರಲ್ಲ ದೊಡ್ಡಮ್ಮ, ಆಗಲೂ ಗೊತ್ತಿತ್ತಾ?"

ದೊಡ್ಡಮ್ಮ ಅವಳ ಸೆರಗು ಜಗ್ಗಿದರು. "ಒಳಗೆ ಬಾಮ್ಮ. ಹಬ್ಬದ ದಿನ ಊಟಕ್ಕೆ ಕೂತೋರ ಮುಂದೆ ರಂಪ ಮಾಡ್ಬೇಡ."

ಇವನು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ. ಯಾರೂ ತಡೆಯಲಿಲ್ಲ. ಹೊಸ್ತಿಲು ದಾಟುವಾಗ ಹಿಂದಿನಿಂದ ಒಬ್ಬರು, "ಇಷ್ಟು ವರ್ಷ ಆದ್ರೂ ಹಟ ಹೋಗಿಲ್ಲ ನೋಡಿ" ಎಂದದ್ದು ಕೇಳಿಸಿತು.

ಮನೆಗೆ ಬಂದು ಗಂಡ ಹೆಂಡತಿ ಇಸ್ತ್ರಿ ಮೇಜಿನ ಪಕ್ಕ ಕೂತರು. ಅವನು ಹೇಳಿದ: "ಅವನೊಬ್ಬನೇ ನನ್ನ ಪಾಲಿಗೆ ಕೆಟ್ಟವನು ಅಂದ್ಕೊಂಡಿದ್ದೆ. ಅಷ್ಟೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು ಕಣೇ."

ಮುಂದಿನ ಈದ್‌ಗೆ ಅವನು ಪಕ್ಕದ ಊರಿಗೆ ನಡೆದು ಹೋಗಿ ನಮಾಜು ಮಾಡಿದ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಸಾಲು ಚದುರಿ ಜನ ತಮ್ಮತಮ್ಮವರನ್ನು ಹುಡುಕಿಕೊಂಡು ಅಪ್ಪಿಕೊಂಡರು. ಅವನು ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಹೊರಟ. ಸೊಕ್ಕು ನೋಡಿ, ಊರಿನ ಬಯಲೂ ಬೇಡವಾಯಿತು ಇವನಿಗೆ ಎಂದು ದೊಡ್ಡಪ್ಪ ಎಲ್ಲರ ಹತ್ತಿರ ಹೇಳಿಕೊಂಡು ಬಂದರು. ಊರೂ ಅದನ್ನೇ ನಂಬಿತು.