ಗಿರಣಿ ತಾತನ ಚುರುಟು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೆನಪಿಸುವ ಕಷ್ಟ ನಮ್ಮ ನೆಂಟರಿಗೆ ಬೇಡ. ಕಣ್ಣಾರೆ ನೋಡದ, ಕಿವಿಯಾರೆ ಕೇಳದ ಒಬ್ಬ ಮನುಷ್ಯನ ದನಿ ತೆಗೆದು ನಾಲ್ಕು ವರ್ಷ ಎಲ್ಲರನ್ನೂ ನಗಿಸಿದೆ.

ಆ ಮನುಷ್ಯ ನಮ್ಮ ಅಜ್ಜಿಯ ತಾತ. ಬ್ರಿಟಿಷರ ಕಾಲದಲ್ಲಿ ಒಂದು ಬಟ್ಟೆ ಗಿರಣಿಯ ಮೇಸ್ತ್ರಿ. ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದ ಯಂತ್ರಗಳನ್ನು ಜೋಡಿಸಿ ನೆಲಕ್ಕೆ ಕೂರಿಸುವುದು, ಸೊಟ್ಟಗಾದ ಶಾಫ್ಟನ್ನು ನೇರ ಮಾಡುವುದು, ಮುನಿಸಿಕೊಂಡು ನಿಂತ ಚಕ್ರವನ್ನು ಮತ್ತೆ ತಿರುಗಿಸುವುದು ಅವರ ಕೆಲಸ. ಮನೆಯಲ್ಲಿ ಉಳಿದಿರುವುದು ಅವರದೊಂದೇ ಫೋಟೋ. ಆಳೆತ್ತರದ ಚಕ್ರದ ಪಕ್ಕ, ಪೇಟ ಸುತ್ತಿಕೊಂಡು, ಕೊಂಚ ಬಾಗಿ ನಿಂತಿದ್ದಾರೆ. ಹಲ್ಲಿನ ನಡುವೆ ಏನನ್ನೋ ಕಚ್ಚಿದ್ದಾರೆ. ಮುಂದಿನದನ್ನು ಗೆದ್ದಲು ತಿಂದಿರುವುದರಿಂದ ಆ ‘ಏನೋ’ ಒಂದು ಬೆರಳುದ್ದ ಮಾತ್ರ ಕಾಣುತ್ತದೆ.

ಚುರುಟು ಎಂದು ನಾನು ತೀರ್ಪು ಕೊಟ್ಟೆ. ಚುರುಟಿಗೆ ತಕ್ಕಂತೆ ಒಂದು ಗೊಗ್ಗರು ದನಿ, ದನಿಗೆ ತಕ್ಕಂತೆ ಒಂದು ದರ್ಪ. “ಏಯ್ ದೊರೆ! ನಿನ್ ಚಕ್ರ ತಿರುಗ್ಬೇಕಾ? ಮೊದ್ಲು ಬೆಂಕಿಪೊಟ್ಣ ಕೊಡು!” ಎಂದು ಅಗರಬತ್ತಿಯ ಕೊಳವೆ ಕಚ್ಚಿಕೊಂಡು ಗದರಿದರೆ ನಾಮಕರಣವಾಗಲಿ, ನಿಶ್ಚಿತಾರ್ಥವಾಗಲಿ, ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಾನು ಮೆಟ್ರೋದ ಘೋಷಣೆ ಮಾಡುತ್ತೇನೆ, ಎದುರುಮನೆ ಆಂಟಿಯ ಕುಕ್ಕರನ್ನು ಮಾಡುತ್ತೇನೆ, ಹುಡುಗಿಯರ ಮುಂದೆ ತೊದಲುವ ನನ್ನನ್ನೇ ಮಾಡುತ್ತೇನೆ. ಬೇಡಿಕೆ ಮಾತ್ರ ಗಿರಣಿ ತಾತನಿಗೆ. ಅವರು ಬಂದ ಕೂಡಲೇ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಎಲ್ಲರೆದುರು ನಗಲು ನಾಚಿಕೆ ಇರಬೇಕು ಎಂದುಕೊಂಡಿದ್ದೆ. ಬುದ್ಧಿವಂತ ನೋಡಿ ನಾನು.

ಚಿಕ್ಕಪ್ಪ ಕೆಂಗೇರಿಯಲ್ಲಿ ಮನೆ ಕಟ್ಟಿದರು. ನಮ್ಮಲ್ಲಿ ಹೊಸ ಒಲೆಯ ಮೇಲೆ ಮೊದಲು ಹಾಲು ಉಕ್ಕಿಸುವುದು ಮನೆಯ ಹಿರಿಯ ಹೆಂಗಸು, ಅಂದರೆ ಅಜ್ಜಿ. ಗೃಹಪ್ರವೇಶದ ಊಟದ ನಂತರ ನನ್ನ ಗಿರಣಿ ತಾತ ಎಂದೂ ತೀರ್ಮಾನವಾಯಿತು. ಅಜ್ಜಿ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ ಹೇಳಿದರು: “ಅವನು ಆ ಆಟ ಆಡೋದಾದ್ರೆ ನಾನು ಬರಲ್ಲ. ಹಾಲು ಅವನ ಕೈಲೇ ಉಕ್ಸಿ.”

ಚಿಕ್ಕಪ್ಪ ನನ್ನನ್ನು ವರಾಂಡಕ್ಕೆ ಎಳೆದೊಯ್ದರು. “ಲೋ, ಅಮ್ಮ ಬರದೆ ನಾನು ಆ ಮನೆಗೆ ಕಾಲಿಡಲ್ಲ. ನೀನ್ ಮಾಡಿದ್ದು, ನೀನೇ ಸರಿ ಮಾಡು.”

ಆಟ ಆಡುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಜ್ಜಿಗೆ ನೋವಾಗಿದ್ದು ಎಲ್ಲಿ ಎಂಬುದು ನನಗೆ ಗೊತ್ತಾಗಬೇಕಿತ್ತು. ಅಜ್ಜಿಯ ತಾತನನ್ನು ಹುಡುಕಿಕೊಂಡು ಗಿರಣಿ ಇದ್ದ ಜಾಗಕ್ಕೆ ಹೋದೆ. ಅಲ್ಲೀಗ ಅಪಾರ್ಟ್‌ಮೆಂಟುಗಳು. ಹಳೆಯ ಕಾಂಪೌಂಡಿನ ಒಂದು ತುಂಡು ಗೋಡೆ ಮಾತ್ರ, ಬಂದ ದಾರಿ ಮರೆತವರಂತೆ ನಿಂತಿತ್ತು. ವಾಚ್‌ಮನ್ನಿಗೆ ಫೋಟೋ ತೋರಿಸಿದೆ. “ಯಾವ ಫ್ಲಾಟ್ ಸಾರ್ ಇವ್ರು?” ಎಂದು ರಿಜಿಸ್ಟರ್ ತೆರೆದ.

ಮರುದಿನ ಮಧ್ಯಾಹ್ನ, ಅಜ್ಜಿಯನ್ನು ಒಲಿಸಿಕೊಳ್ಳುವ ಉಪಾಯವಾಗಿ ಅವರ ರಾಗಿ ಡಬ್ಬ ಹೊತ್ತು ರಾಜಾಜಿನಗರದ ಹಿಟ್ಟಿನ ಗಿರಣಿಗೆ ಹೋದೆ. ಯಜಮಾನರು ಉತ್ತರ ಕರ್ನಾಟಕದವರು. ರೆಪ್ಪೆಯ ಮೇಲೂ ಹಿಟ್ಟು. ಚುರುಟು ಕಚ್ಚಿದ ನಮ್ಮ ಗಿರಣಿ ತಾತ ಎಂದು ಫೋಟೋ ತೋರಿಸಿದರೆ, ನೋಡಿ ನಕ್ಕರು.

“ಚುರುಟಲ್ಲೋ ತಮ್ಮಾ. ಕೋಲು ಅದು. ಒಂದು ತುದಿ ಚಕ್ರದ ಬೇರಿಂಗಿನ ಮ್ಯಾಲ ಇಡೂದು, ಇನ್ನೊಂದು ಕಚ್ಚೂದು. ಒಳಗ ಏನ್ ನಡದೈತಿ, ಎಲ್ಲಾ ಕೇಳ್ತೈತಿ. ನಮ್ಮಪ್ಪನೂ ಹಂಗ ಮಾಡ್ತಿದ್ದ.”

“ಕಿವಿ ಇತ್ತಲ್ಲ ಅಣ್ಣ?”

“ಕಿವೀನ ಗಿರಣಿ ಸದ್ದು ತಿಂದಿರತೈತಿ. ಆಮ್ಯಾಲ ಹಲ್ಲ ಗತಿ.”

ಮೂಲೆಯಿಂದ ಒಂದು ಮರದ ಕೋಲು ತಂದು, ಒರೆಸಿ, ನನ್ನ ಕೈಗಿತ್ತರು. ಬೆಲ್ಟಿನಿಂದ ದೂರ ನಿಲ್ಲಿಸಿ ಅದರ ತುದಿಯನ್ನು ತಾವೇ ಬೇರಿಂಗಿನ ಮೇಲಿಟ್ಟರು. ಕಚ್ಚಿದೆ.

ಗಿರಣಿಯ ಗದ್ದಲ ಎಲ್ಲೋ ಹಿಂದೆ ಉಳಿಯಿತು. ತಲೆಬುರುಡೆಯೊಳಗೆ ಬೇರೆಯೇ ಒಂದು ದನಿ ತಿರುಗತೊಡಗಿತು. ದುಂಡಗೆ, ತಣ್ಣಗೆ, ನಡುನಡುವೆ ಒಂದು ಮರಳಿನ ಕಣ ಉರುಳಿದ ಹಾಗೆ. ರಾಗಿಯ ಹಿಟ್ಟು ತೇಲುತ್ತಿತ್ತು. ಬಾಗಿಲಿನ ಬಿಸಿಲು ಅದರೊಳಗೆ ಬಂದು, ಎದ್ದು ಹೋಗುವ ಮನಸ್ಸಿಲ್ಲದವರಂತೆ ಕೂತಿತ್ತು. ಹೊರಗಿನ ಬಸ್ಸು, ಆಟೋಗಳು ಯಾವುದೋ ಬೇರೆ ಊರಿನಲ್ಲಿ ಓಡುತ್ತಿದ್ದವು. ನನ್ನ ಪಕ್ಕದಲ್ಲಿ ಪೇಟ ಸುತ್ತಿದ ಒಬ್ಬರು ಬಾಗಿ ನಿಂತಿದ್ದಾರೆ, ಅವರೂ ಇದನ್ನೇ ಕೇಳುತ್ತಿದ್ದಾರೆ ಅನಿಸಿತು. ತಿರುಗಿ ನೋಡಲಿಲ್ಲ, ನೋಡಿದರೆ ಹೋಗಿಬಿಡುತ್ತಾರೆ. ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

“ಸಾಕ್ ಬಿಡೋ, ನಿನ್ನ ರಾಗಿ ಮುಗಿದು ಆಗ್ಲೇ ಹೊತ್ತಾತು,” ಎಂದರು ಯಜಮಾನರು.

ಬಿಸಿ ಹಿಟ್ಟಿನ ಡಬ್ಬ ತಬ್ಬಿಕೊಂಡು ಮನೆಗೆ ಬಂದೆ. ಅಜ್ಜಿಯ ಕಾಲ ಬಳಿ ಕೂತು, “ಅದು ಚುರುಟಲ್ಲ, ಕೋಲು ಅಂತೆ. ಯಾಕಜ್ಜಿ ಹೇಳ್ಲಿಲ್ಲ?” ಎಂದೆ.

“ನೀನು ಕೇಳಿದ್ಯಾ?”

ಅಜ್ಜಿ ಹಿಟ್ಟಿಗೆ ಕೈ ಹಾಕಿ ಅದರ ಬಿಸಿಯನ್ನು ನೋಡಿದರು. ಕೈ ಅಲ್ಲೇ ಬಿಟ್ಟು ನಿಧಾನವಾಗಿ ಹೇಳಿದರು: “ಅವರಿಗೆ ಏನೂ ಕೇಳಿಸ್ತಿರ್ಲಿಲ್ಲ ಕಣೋ. ನಾನು ಇಷ್ಟುದ್ದ ಇದ್ದೆ. ಸಾಯಂಕಾಲ ಬಂದೋರು ನನ್ನ ಮುಂದೆ ಕೂರಿಸ್ಕೊಂಡು, ಆ ಕೋಲಿನ ತುದಿ ನನ್ನ ನೆತ್ತಿ ಮೇಲಿಟ್ಟು, ಇನ್ನೊಂದು ತುದಿ ಕಚ್ಕೊಂಡು, ಹಾಡು ಅನ್ನೋ ಹಾಗೆ ಕೈ ಮಾಡೋರು. ನಾನು ಹಾಡ್ತಿದ್ದೆ. ಅವರ ಕಣ್ಣು ಮುಚ್ಕೊಳ್ತಿತ್ತು. ಅದೇ ಕೋಲನ್ನ ಕಚ್ಕೊಂಡು ನೀನು ಬೆಂಕಿಪೊಟ್ಣ ಕೇಳ್ತೀಯ.”

ನನ್ನ ತಲೆ ಬಗ್ಗಿತು. “ಇನ್ನು ಆ ಆಟ ಆಡಲ್ಲ ಅಜ್ಜಿ.”

“ಹಾಗಾದ್ರೆ ಬರ್ತೀನಿ. ನಿಮ್ಮ ಚಿಕ್ಕಪ್ಪಂಗೆ ಹೇಳು, ಹಾಲು ಗಟ್ಟಿ ಇರ್ಲಿ.”

ಅಲ್ಲಿಗೆ ಎದ್ದು ಹೋಗಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅವರ ದನಿ ಕೇಳಿದ ಕೊನೆಯ ಕಿವಿ ನನ್ನೆದುರಿಗೇ ಇತ್ತು. ಚಪಲ ತಡೆಯದೆ ಕೇಳಿದೆ: “ಅವರು ನಿಜವಾಗ್ಲೂ ಹೇಗೆ ಮಾತಾಡೋರು ಅಂತ ಒಂದ್ಸಲ ಹೇಳಿಬಿಡಿ ಅಜ್ಜಿ. ನಗ್ಸೋಕಲ್ಲ. ಸರಿಯಾಗಿ ಮಾಡ್ತೀನಿ.”

ಅಜ್ಜಿ ಹಿಟ್ಟಿನ ಕೈ ಕೊಡವಿಕೊಂಡರು.

“ಅವರು ಮಾತೇ ಆಡ್ತಿರ್ಲಿಲ್ಲ ಕಣೋ, ಬರೀ ಕೇಳಿಸ್ಕೊಳ್ತಿದ್ರು. ಅದನ್ನ ಮಾಡಿ ತೋರ್ಸು, ನೋಡೋಣ.”